ಓಟಿ ರಿಜಿಸ್ಟರಿನಿಂದ ಪರೀಕ್ಷಕರ ಮೇಜಿನವರೆಗೆ: ಶಸ್ತ್ರಚಿಕಿತ್ಸೆಯ ಲಾಗ್‌ಬುಕ್ ಬರೆಯುವ ಕ್ರಮ

ಲಾಗ್‌ಬುಕ್ ಎಂದರೆ ತರಬೇತಿಯಲ್ಲಿರುವ ಶಸ್ತ್ರವೈದ್ಯರು ತಾವು ಪಾಲ್ಗೊಂಡ ಪ್ರತಿ ಶಸ್ತ್ರಕ್ರಿಯೆಯನ್ನೂ ಬರೆದಿಡುವ ದಾಖಲೆ. ಮೂರು ವರ್ಷದ ಲಾಗ್‌ಬುಕ್ಕನ್ನು ಮೂರು ರಾತ್ರಿಯಲ್ಲಿ ಬರೆದು ಮುಗಿಸಿದವರು ಪರೀಕ್ಷಕರ ಮುಂದೆ ಎರಡನೆಯ ಪುಟದಲ್ಲೇ ಸಿಕ್ಕಿಬೀಳುತ್ತಾರೆ. ಮೊದಲ ವರ್ಷದ ಅಪೆಂಡಿಕ್ಸ್‌ಗೂ ಕೊನೆಯ ವರ್ಷದ ಥೈರಾಯ್ಡ್‌ಗೂ ಒಂದೇ ಶಾಯಿ, ಒಂದೇ ಓರೆ ಅಕ್ಷರ, ಎಲ್ಲ ಸಾಲುಗಳ ಕೊನೆಗೂ ‘ತೊಂದರೆ ಇಲ್ಲ’ ಎಂಬ ಒಂದೇ ಮಾತು. ಈಗ ಪುಸ್ತಕದ ಜಾಗಕ್ಕೆ ಇ-ಲಾಗ್‌ಬುಕ್ ಬಂದಿದೆ. ಅಲ್ಲಿ ಶಾಯಿಯ ಬದಲು ಗಡಿಯಾರವೇ ಸಾಕ್ಷಿ ಹೇಳುತ್ತದೆ: ನಾನೂರು ಪ್ರಕರಣಗಳನ್ನು ಒಂದೇ ವಾರದಲ್ಲಿ ತುಂಬಿದ್ದು ಪರದೆಯ ಮೇಲೆಯೇ ಕಾಣುತ್ತದೆ.

ಹಲವು ವರ್ಷಗಳಿಂದ ಸ್ನಾತಕೋತ್ತರ ವಿದ್ಯಾರ್ಥಿಗಳ ಲಾಗ್‌ಬುಕ್ ತಿದ್ದುತ್ತಾ ಬಂದಿದ್ದೇನೆ. ವಿಶ್ವವಿದ್ಯಾಲಯದ ಎಂ.ಎಸ್. ಮಾಡುವವರಿಗೂ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿಎನ್‌ಬಿ ಮಾಡುವವರಿಗೂ ಮತ್ತೆ ಮತ್ತೆ ಹೇಳಿದ ಮಾತುಗಳನ್ನೇ ಇಲ್ಲಿ ಕ್ರಮವಾಗಿ ಇಡುತ್ತಿದ್ದೇನೆ. ಉದಾಹರಣೆಗಳು ಜನರಲ್ ಸರ್ಜರಿಯವು. ಮೂಳೆ, ಕಣ್ಣು, ಕಿವಿ-ಮೂಗು-ಗಂಟಲು, ಹೆರಿಗೆ ವಿಭಾಗದವರು ತಮ್ಮ ಶಸ್ತ್ರಕ್ರಿಯೆಗಳ ಹೆಸರು ಹಾಕಿಕೊಂಡರೆ ಉಳಿದದ್ದೆಲ್ಲ ಹಾಗೆಯೇ ಹೊಂದುತ್ತದೆ.

ಮೊದಲು ನಿಯಮ ಓದಿಕೊಳ್ಳಿ

ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ಶಿಕ್ಷಣ ನಿಯಮಾವಳಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ವಿದ್ಯಾರ್ಥಿ ಇ-ಲಾಗ್‌ಬುಕ್ಕನ್ನು ವಾರಕ್ಕೊಮ್ಮೆ ತುಂಬಬೇಕು. ಸ್ವತಂತ್ರವಾಗಿ ಮಾಡಿದ, ಬೇರೆಯವರ ನೆರವಿನಿಂದ ಮಾಡಿದ ಶಸ್ತ್ರಕ್ರಿಯೆಗಳ ವಿವರ ಅದರಲ್ಲಿರಬೇಕು. ಗೈಡ್ (ಮಾರ್ಗದರ್ಶಕ ಪ್ರಾಧ್ಯಾಪಕರು) ತಿಂಗಳಿಗೊಮ್ಮೆ, ವಿಭಾಗದ ಮುಖ್ಯಸ್ಥರು ಮೂರು ತಿಂಗಳಿಗೊಮ್ಮೆ ಅದನ್ನು ನೋಡಿ ದೃಢೀಕರಿಸಬೇಕು. ಡಿಎನ್‌ಬಿ ಮಾಡುವವರಿಗೆ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಲಾಗ್‌ಬುಕ್ ನಮೂನೆ ಇದೆ. ಅಂತಿಮ ಪ್ರಾಯೋಗಿಕ ಪರೀಕ್ಷೆಗೆ ಗೈಡ್ ಸಹಿ ಮಾಡಿದ ಲಾಗ್‌ಬುಕ್ ಕೈಯಲ್ಲಿರಬೇಕು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಓದುವವರು ತಮ್ಮ ಕಾಲೇಜು ಯಾವ ನಮೂನೆ ಬಳಸುತ್ತದೆ ಎಂಬುದನ್ನು ಸೇರಿದ ಮೊದಲ ವಾರದಲ್ಲೇ ವಿಭಾಗದ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಬೇಕು. ಎರಡನೆಯ ವರ್ಷದಲ್ಲಿ ನಮೂನೆ ಬದಲಿಸಿ ಹಳೆಯದನ್ನೆಲ್ಲ ನಕಲು ಮಾಡುವ ಕೆಲಸದಷ್ಟು ತಪ್ಪಿಗೆ ದಾರಿ ಮಾಡಿಕೊಡುವ ಕೆಲಸ ಇನ್ನೊಂದಿಲ್ಲ.

ಅದೇ ದಿನ ಬರೆಯಿರಿ

ನಿಯಮ ‘ವಾರಕ್ಕೊಮ್ಮೆ’ ಎನ್ನುತ್ತದೆ. ನಾನು ‘ಅದೇ ದಿನ’ ಎನ್ನುತ್ತೇನೆ. ಓಟಿ (ಶಸ್ತ್ರಕ್ರಿಯಾ ಕೊಠಡಿ) ಲಿಸ್ಟ್ ಮುಗಿದು ಗೌನ್ ಕಳಚಿ ಚಹಾ ಕುಡಿಯುವ ಹೊತ್ತು ಇದೆಯಲ್ಲ, ಆಗ ಹತ್ತು ನಿಮಿಷ ಸಾಕು. ಹರ್ನಿಯಾದ ಚೀಲ ಎಲ್ಲಿಯವರೆಗೆ ಇಳಿದಿತ್ತು, ಯಾವ ನರ ಕಂಡಿತು, ಯಾವುದು ಕಾಣಲಿಲ್ಲ, ನಿಮ್ಮ ಕೈಗೆ ಚಾಕು ಬಂದದ್ದು ಯಾವ ಹಂತದಲ್ಲಿ, ಸರ್ ಅದನ್ನು ಮರಳಿ ಪಡೆದದ್ದು ಯಾವ ಹಂತದಲ್ಲಿ ಎಂಬುದೆಲ್ಲ ಆಗ ನೆನಪಿನಲ್ಲಿ ಹಸಿಯಾಗಿರುತ್ತದೆ. ನಾಲ್ಕು ದಿನ ಕಳೆದರೆ ಎಲ್ಲ ಹರ್ನಿಯಾಗಳೂ ಒಂದೇ ಹರ್ನಿಯಾ ಆಗಿಬಿಡುತ್ತವೆ.

ಮೊಬೈಲಿನಲ್ಲಿ ಇ-ಲಾಗ್‌ಬುಕ್ ತೆರೆಯಲಾಗದಿದ್ದರೆ ಕೋಟಿನ ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಅದರಲ್ಲಿ ರೋಗಿಯ ಹೆಸರು ಬೇಡ, ಓಟಿ ರಿಜಿಸ್ಟರಿನ ಕ್ರಮಸಂಖ್ಯೆ ಸಾಕು. ಆ ಒಂದು ಸಂಖ್ಯೆಯಿಂದ ಉಳಿದದ್ದನ್ನೆಲ್ಲ ಹುಡುಕಿ ತೆಗೆಯಬಹುದು.

ಒಂದು ಸಾಲಿನಲ್ಲಿ ಏನಿರಬೇಕು

ದಿನಾಂಕ, ಓಟಿ ರಿಜಿಸ್ಟರ್ ಸಂಖ್ಯೆ, ಐಪಿ (ಒಳರೋಗಿ) ಸಂಖ್ಯೆ, ವಯಸ್ಸು, ಲಿಂಗ. ಇವು ಗುರುತಿನ ಭಾಗ. ಅನಂತರ ಶಸ್ತ್ರಕ್ರಿಯೆಗೆ ಮೊದಲಿನ ರೋಗನಿರ್ಣಯ, ತೆರೆದು ನೋಡಿದಾಗ ಕಂಡದ್ದು, ಮಾಡಿದ ಶಸ್ತ್ರಕ್ರಿಯೆ. ಈ ಮೂರನ್ನೂ ಬೇರೆಬೇರೆಯಾಗಿ ಬರೆಯಬೇಕು. ಅಪೆಂಡಿಕ್ಸ್ ಎಂದು ತೆರೆದು ಅಂಡಾಶಯದ ಗಂಟು ಕಂಡಿದ್ದರೆ ಎರಡನ್ನೂ ದಾಖಲಿಸಿ. ಮೊದಲಿನ ಊಹೆ ತಪ್ಪಾಗಿದ್ದನ್ನು ಮುಚ್ಚಿಡುವ ಅಗತ್ಯವಿಲ್ಲ. ಪರೀಕ್ಷಕರು ನಿಮ್ಮೊಂದಿಗೆ ಹತ್ತು ನಿಮಿಷ ಮಾತನಾಡಲು ಬಯಸುವುದು ಅಂಥ ಪ್ರಕರಣದ ಬಗ್ಗೆಯೇ.

ತುರ್ತೋ ಯೋಜಿತವೋ ಎಂಬುದನ್ನು ಬರೆಯಿರಿ. ‘ತುರ್ತು’ ಎಂಬ ಒಂದೇ ಪದಕ್ಕಿಂತ ತತ್‌ಕ್ಷಣದ, ತುರ್ತಿನ, ಶೀಘ್ರದ, ಯೋಜಿತ ಎಂಬ ನಾಲ್ಕು ಹಂತದ ವಿಂಗಡಣೆ ಒಳ್ಳೆಯದು. ಒಡೆದ ಗುಲ್ಮದ ರಕ್ತಸ್ರಾವವೂ ಎರಡು ದಿನ ಕಾಯಬಹುದಾದ ಪಿತ್ತಕೋಶವೂ ಒಂದೇ ಗುಂಪಿನಲ್ಲಿ ಕೂರಬಾರದು. ಅರಿವಳಿಕೆಯ ಬಗೆ, ಎಎಸ್‌ಎ ದರ್ಜೆ (ಶಸ್ತ್ರಕ್ರಿಯೆಗೆ ಮೊದಲು ರೋಗಿಯ ಒಟ್ಟು ಆರೋಗ್ಯದ ಅಳತೆ), ಗಾಯದ ವರ್ಗ (ಶುದ್ಧ, ಶುದ್ಧ-ಕಲುಷಿತ, ಕಲುಷಿತ, ಕೊಳಕು) ಈ ಮೂರು ಒಂದೊಂದು ಪದದ ಕೆಲಸ. ಆದರೆ ಮುಂದೆ ಗಾಯಕ್ಕೆ ಸೋಂಕು ತಗುಲಿದರೆ ಅದನ್ನು ಅರ್ಥಮಾಡಿಕೊಳ್ಳಲು ಈ ಮೂರು ಪದಗಳೇ ಬೇಕಾಗುತ್ತವೆ.

ಶಸ್ತ್ರಕ್ರಿಯೆಯ ಹೆಸರಿನ ಬಗ್ಗೆ ಒಂದು ಎಚ್ಚರಿಕೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ದಾಖಲಾದ ರೋಗಿಯ ಕಡತದಲ್ಲಿ ಚಿಕಿತ್ಸಾ ಪ್ಯಾಕೇಜಿನ ಹೆಸರು ದೊಡ್ಡದಾಗಿ ಇರುತ್ತದೆ. ಅದನ್ನೇ ಲಾಗ್‌ಬುಕ್ಕಿಗೆ ಇಳಿಸಬೇಡಿ. ಅದು ಹಣ ಪಾವತಿಗಾಗಿ ಮಾಡಿದ ಪಟ್ಟಿಯ ಹೆಸರು. ಶಸ್ತ್ರಕ್ರಿಯೆಯ ಮೇಜಿನ ಮೇಲೆ ನಡೆದದ್ದು ಅದಕ್ಕಿಂತ ಹೆಚ್ಚಿರಬಹುದು, ಕಡಿಮೆಯೂ ಇರಬಹುದು. ನಿಮ್ಮ ದಾಖಲೆಗೆ ಆಧಾರ ಆಪರೇಷನ್ ನೋಟ್.

ಮಾದರಿಗೆ ಒಂದು ನಮೂದನ್ನು ಪೂರ್ತಿಯಾಗಿ ಬರೆದು ತೋರಿಸುತ್ತೇನೆ. ಇದು ಕಲ್ಪಿತ ರೋಗಿ. ಓಮೆಂಟಮ್ ಎಂದರೆ ಕರುಳನ್ನು ಹೊದ್ದ ಕೊಬ್ಬಿನ ಪದರ; ಲಿಕ್ಟೆನ್‌ಸ್ಟೈನ್ ದುರಸ್ತಿ ಎಂದರೆ ದುರ್ಬಲವಾದ ಗೋಡೆಗೆ ಮೆಶ್ ಎಂಬ ಬಲೆ ಹೊಲಿಯುವ ವಿಧಾನ; ಇಲಿಯೋಇಂಗ್ವಿನಲ್ ಎಂಬುದು ತೊಡೆಸಂದಿಯ ಒಂದು ನರ.

‘46 ವರ್ಷ, ಪುರುಷ. ಬಲ ತೊಡೆಸಂದಿನ ಹರ್ನಿಯಾ, ಒಳಕ್ಕೆ ಹೋಗುವಂಥದ್ದು. ಯೋಜಿತ. ಸ್ಪೈನಲ್ ಅರಿವಳಿಕೆ, ಎಎಸ್‌ಎ 2 (ಸಕ್ಕರೆ ಕಾಯಿಲೆ, ಹತೋಟಿಯಲ್ಲಿದೆ). ಶುದ್ಧ ಗಾಯ. ಕಂಡದ್ದು: ಪರೋಕ್ಷ ಚೀಲ, ಒಳಗೆ ಓಮೆಂಟಮ್, ಹಿಂಗೋಡೆ ಗಟ್ಟಿ. ಮಾಡಿದ್ದು: ಲಿಕ್ಟೆನ್‌ಸ್ಟೈನ್ ಮೆಶ್ ದುರಸ್ತಿ. ಇಲಿಯೋಇಂಗ್ವಿನಲ್ ನರ ಕಂಡಿತು, ಉಳಿಸಲಾಯಿತು. ನನ್ನ ಪಾಲು: ಮೇಲ್ವಿಚಾರಣೆಯಲ್ಲಿ ಮಾಡಿದ್ದು, ಚೀಲ ಬಿಡಿಸುವ ಹಂತವನ್ನು ಯೂನಿಟ್ ಮುಖ್ಯಸ್ಥರು ಮಾಡಿದರು. 2ನೇ ದಿನ ಬಿಡುಗಡೆ. 30ನೇ ದಿನ: ಗಾಯ ಒಣಗಿದೆ, ತೊಡೆಯ ಒಳಭಾಗದಲ್ಲಿ ಸ್ವಲ್ಪ ಜೋಮು. 90ನೇ ದಿನ: ಜೋಮು ಹೋಗಿದೆ, ಮರುಕಳಿಸಿಲ್ಲ.’

‘ಬಲ ಹರ್ನಿಯಾ, ಮೆಶ್ ಹಾಕಲಾಯಿತು, ತೊಂದರೆ ಇಲ್ಲ’ ಎಂಬ ಸಾಲಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಈ ಚಿಕ್ಕ ಸಾಲನ್ನು ಬರೆಯಲು ಅರ್ಧ ನಿಮಿಷ ಬೇಕು. ಮೇಲಿನ ಮಾದರಿಯನ್ನು ಬರೆಯಲು ರೋಗಿಯನ್ನು ತೊಂಬತ್ತು ದಿನ ನೆನಪಿಟ್ಟುಕೊಳ್ಳಬೇಕು.

ನಿಮ್ಮ ಪಾಲು ಎಷ್ಟು?

ಲಾಗ್‌ಬುಕ್ಕಿನಲ್ಲಿ ಅತಿ ಹೆಚ್ಚು ಸುಳ್ಳು ಸೇರುವುದು ಈ ಅಂಕಣದಲ್ಲಿ. ಆ ಸುಳ್ಳು ಬಹಳಷ್ಟು ಸಲ ದುರುದ್ದೇಶದ್ದಲ್ಲ. ಚರ್ಮ ಕೊಯ್ದದ್ದು ನಾನು, ಹೊಲಿದದ್ದು ನಾನು, ನಡುವೆ ಕೊಕ್ಕೆ ಹಿಡಿದು ನಿಂತಿದ್ದೆ. ಹಾಗಾದರೆ ಮಾಡಿದ್ದು ನಾನೇ ತಾನೇ ಎಂದು ಮನಸ್ಸು ಒಪ್ಪಿಕೊಂಡುಬಿಡುತ್ತದೆ. ಒಪ್ಪಿಕೊಳ್ಳಬಾರದು.

ನಮ್ಮ ಕಾಲೇಜುಗಳ ನಮೂನೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ದರ್ಜೆಗಳಿರುತ್ತವೆ: ನೋಡಿದ್ದು, ನೆರವಾದದ್ದು, ನೆರವಿನಿಂದ ಅಥವಾ ಮೇಲ್ವಿಚಾರಣೆಯಲ್ಲಿ ಮಾಡಿದ್ದು, ಸ್ವತಂತ್ರವಾಗಿ ಮಾಡಿದ್ದು. ತೀರ್ಮಾನಕ್ಕೆ ನಾನು ಕೊಡುವ ಒರೆಗಲ್ಲು ಒಂದೇ. ಆ ಶಸ್ತ್ರಕ್ರಿಯೆಯಲ್ಲಿ ಕೈ ತಪ್ಪಿದರೆ ರೋಗಿಗೆ ಹಾನಿಯಾಗುವ ಹಂತ ಯಾವುದು, ಆ ಹಂತದಲ್ಲಿ ಉಪಕರಣ ಯಾರ ಕೈಯಲ್ಲಿತ್ತು? ಲ್ಯಾಪರೋಸ್ಕೋಪಿಯ ಪಿತ್ತಕೋಶದ ಶಸ್ತ್ರಕ್ರಿಯೆಯಲ್ಲಿ ಅದು ಸಿಸ್ಟಿಕ್ ನಾಳ ಮತ್ತು ರಕ್ತನಾಳವನ್ನು ಬಿಡಿಸಿ ಕ್ಲಿಪ್ ಹಾಕುವ ಹಂತ. ಥೈರಾಯ್ಡಿನಲ್ಲಿ ಧ್ವನಿಯ ನರವನ್ನು ಗುರುತಿಸುವ ಹಂತ. ಕರುಳಿನ ಜೋಡಣೆಯಲ್ಲಿ ಜೋಡಣೆಯೇ. ಆ ಹಂತ ಬೇರೆಯವರು ಮಾಡಿದ್ದರೆ, ನೀವು ಎರಡು ಗಂಟೆ ನಿಂತಿದ್ದರೂ ಬರೆಯಬೇಕಾದದ್ದು ‘ನೆರವಾದದ್ದು’ ಎಂದೇ. ಕೆಲವು ಹಂತಗಳು ನಿಮ್ಮವು, ಕೆಲವು ಹಿರಿಯರವು ಎಂದಾದರೆ ಮೇಲಿನ ಮಾದರಿಯಲ್ಲಿರುವಂತೆ ಟಿಪ್ಪಣಿಯಲ್ಲಿ ಬಿಡಿಸಿ ಹೇಳಿ. ‘ಸ್ವತಂತ್ರವಾಗಿ’ ಎಂಬ ಪದವನ್ನು ಕೈತೊಳೆದು ಗ್ಲೌಸ್ ತೊಟ್ಟು ನಿಂತ ಹಿರಿಯರು ಮೇಜಿನ ಬಳಿ ಇಲ್ಲದಿದ್ದಾಗ ಮಾತ್ರ ಬಳಸಿ.

ಬ್ರಿಟನ್ನಿನ ಪದ್ಧತಿ ಇಲ್ಲಿ ನಮಗಿಂತ ಸೂಕ್ಷ್ಮವಾಗಿದೆ. ಅಲ್ಲಿ ಮೇಲ್ವಿಚಾರಣೆಯಲ್ಲಿ ಮಾಡಿದ್ದನ್ನೂ ಎರಡಾಗಿ ಒಡೆಯುತ್ತಾರೆ: ಗುರು ಗ್ಲೌಸ್ ತೊಟ್ಟು ಎದುರಿಗೆ ನಿಂತಿದ್ದಾಗ ಮಾಡಿದ್ದು ಒಂದು, ಗುರು ಓಟಿಯೊಳಗಿದ್ದರೂ ಗ್ಲೌಸ್ ತೊಡದೆ ಇದ್ದಾಗ ಮಾಡಿದ್ದು ಇನ್ನೊಂದು. ಕಿರಿಯರಿಗೆ ಕಲಿಸುತ್ತಾ ಮಾಡಿಸಿದ್ದಕ್ಕೆ ಬೇರೆಯೇ ಸಂಕೇತ. ಈ ವಿಂಗಡಣೆಯನ್ನು ನಿಮ್ಮ ಖಾಸಗಿ ಟಿಪ್ಪಣಿಯಲ್ಲಿ ಮೊದಲ ದಿನದಿಂದಲೇ ಅಳವಡಿಸಿಕೊಳ್ಳಿ. ಮೊದಲ ವರ್ಷದಿಂದ ಮೂರನೆಯ ವರ್ಷಕ್ಕೆ ನೀವು ಎಷ್ಟು ದೂರ ಬಂದಿರಿ ಎಂಬುದು ಒಟ್ಟು ಸಂಖ್ಯೆಯಲ್ಲಿ ಕಾಣುವುದಿಲ್ಲ, ಈ ಅಂಕಣದಲ್ಲಿ ಕಾಣುತ್ತದೆ.

ಒಂದು ಶಸ್ತ್ರಕ್ರಿಯೆಗೆ ಇಬ್ಬರು ‘ಮಾಡಿದವರು’ ಆಗುವುದೂ ನಡೆಯುತ್ತದೆ. ಒಂದೇ ಯೂನಿಟ್ಟಿನ ಇಬ್ಬರು ಪಿಜಿಗಳ (ಸ್ನಾತಕೋತ್ತರ ವಿದ್ಯಾರ್ಥಿಗಳ) ಲಾಗ್‌ಬುಕ್ಕುಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿದಾಗ ಒಂದೇ ಐಪಿ ಸಂಖ್ಯೆ, ಒಂದೇ ದಿನಾಂಕ, ಎರಡರಲ್ಲೂ ‘ಸ್ವತಂತ್ರವಾಗಿ’ ಎಂದಿದ್ದದ್ದನ್ನು ಕಂಡಿದ್ದೇನೆ. ಇಬ್ಬರೂ ಶ್ರಮಜೀವಿಗಳು, ಒಳ್ಳೆಯ ಮಕ್ಕಳು. ಆ ಒಂದು ಸಾಲಿನಿಂದ ಉಳಿದ ಎಲ್ಲ ಸಾಲುಗಳ ಮೇಲೂ ನನಗೆ ಸಂಶಯ ಹುಟ್ಟಿತು. ಓಟಿ ಮುಗಿದ ಕೂಡಲೇ ಸಹಪಾಠಿಯೊಂದಿಗೆ ಮಾತನಾಡಿ ಇದನ್ನು ಇತ್ಯರ್ಥ ಮಾಡಿಕೊಳ್ಳಿ.

ಆಪರೇಷನ್ ನೋಟ್ ಎಂಬ ತಾಯಿಬೇರು

ಲಾಗ್‌ಬುಕ್ ಸಾರಾಂಶ ಮಾತ್ರ, ಮೂಲ ಇರುವುದು ಕೇಸ್ ಶೀಟಿನಲ್ಲಿ. ಮೂಲ ಸೊರಗಿದ್ದರೆ ಸಾರಾಂಶಕ್ಕೆ ಜೀವ ಬರುವುದಿಲ್ಲ. ಆದ್ದರಿಂದ ನೋಟ್ ಬರೆಯುವ ಕೆಲಸ ಪಿಜಿಯ ಪಾಲಿಗೆ ಬಂದಾಗ ಅದನ್ನು ಗುಮಾಸ್ತಗಿರಿ ಎಂದು ಭಾವಿಸಬೇಡಿ.

ಪಿತ್ತಕೋಶದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ‘ಕ್ಯಾಲಟ್ ತ್ರಿಕೋನ ಬಿಡಿಸಲಾಯಿತು, ಕ್ಲಿಪ್ ಹಾಕಲಾಯಿತು’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಕ್ಯಾಲಟ್ ತ್ರಿಕೋನ ಎಂದರೆ ಪಿತ್ತಕೋಶದ ಬುಡದಲ್ಲಿ ಅದರ ನಾಳ, ರಕ್ತನಾಳ ಇರುವ ಜಾಗ. ಕ್ಲಿಪ್ ಹಾಕುವ ಮೊದಲು ಸಿಗಬೇಕಾದ ‘ಸುರಕ್ಷಿತ ನೋಟ’ಕ್ಕೆ ಮೂರು ಷರತ್ತುಗಳಿವೆ: ತ್ರಿಕೋನದಲ್ಲಿ ಕೊಬ್ಬು ಮತ್ತು ನಾರು ಪೂರ್ತಿ ತೆರವಾಗಿರಬೇಕು, ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗ ಯಕೃತ್ತಿನ ಹಾಸಿನಿಂದ ಬಿಟ್ಟುಕೊಂಡಿರಬೇಕು, ಪಿತ್ತಕೋಶದೊಳಕ್ಕೆ ಹೋಗುವ ಎರಡೇ ಎರಡು ರಚನೆಗಳು ಕಾಣಬೇಕು. ಈ ಮೂರೂ ಸಿಕ್ಕವೇ ಇಲ್ಲವೇ ಎಂಬುದನ್ನು ಒಂದೊಂದಾಗಿ ಬರೆಯಿರಿ. ಸಿಗದಿದ್ದರೆ ಏನು ಮಾಡಿದಿರಿ ಎಂಬುದನ್ನು ಇನ್ನೂ ವಿವರವಾಗಿ ಬರೆಯಿರಿ. ವಾರ ಕಳೆದು ರೋಗಿ ಕಾಮಾಲೆಯೊಂದಿಗೆ ಮರಳಿದರೆ ಅವರನ್ನು ಪರೀಕ್ಷಿಸುವ ವೈದ್ಯರಿಗೆ ದಿಕ್ಕು ತೋರಿಸುವುದು ಈ ಮೂರು ಸಾಲು.

ರಕ್ತಸ್ರಾವದ ಅಂದಾಜು, ಡ್ರೇನ್ (ದ್ರವ ಹೊರಹೋಗಲು ಇಡುವ ನಳಿಕೆ) ಇಟ್ಟಿದ್ದರೆ ಎಲ್ಲಿ, ಪರೀಕ್ಷೆಗೆ ಕಳುಹಿಸಿದ ಅಂಗಾಂಶ, ಒಳಗೆ ಇಟ್ಟ ಮೆಶ್ ಅಥವಾ ಇಂಪ್ಲಾಂಟಿನ ಸ್ಟಿಕ್ಕರ್, ಬಟ್ಟೆ ಮತ್ತು ಉಪಕರಣಗಳ ಎಣಿಕೆ ಸರಿಹೋದ ಮಾತು, ಇವನ್ನು ಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಸುರಕ್ಷತಾ ಪಟ್ಟಿಯಲ್ಲಿ 19 ಅಂಶಗಳಿವೆ. ಅರಿವಳಿಕೆಗೆ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿ ಓಟಿ ಬಿಡುವ ಮೊದಲು ಎಂದು ಮೂರು ಹಂತಗಳಲ್ಲಿ ಅವನ್ನು ಗಟ್ಟಿಯಾಗಿ ಓದಬೇಕು. ಆ ಹಾಳೆ ಕಡತದಲ್ಲಿದೆಯೇ ನೋಡಿಕೊಳ್ಳಿ.

ಮೂವತ್ತನೆಯ ದಿನ

ಇಷ್ಟೆಲ್ಲ ಸರಿಯಾಗಿ ಬರೆಯುವವರೂ ಎಡವುವುದು ಇಲ್ಲಿ. ರೋಗಿ ಬಿಡುಗಡೆಯಾದ ದಿನವೇ ಫಲಿತಾಂಶದ ಅಂಕಣ ತುಂಬಿ ಮುಚ್ಚಿಬಿಡುತ್ತಾರೆ. ಶಸ್ತ್ರಕ್ರಿಯೆಯ ಗಾಯದ ಸೋಂಕನ್ನು ಗುರುತಿಸಲು ಒಪ್ಪಿತವಾದ ಅವಧಿ 30 ದಿನ. ಮೆಶ್ ಇಟ್ಟ ಹರ್ನಿಯಾದಂಥ ಕೆಲವು ಶಸ್ತ್ರಕ್ರಿಯೆಗಳಿಗೆ ಆಳದ ಸೋಂಕಿನ ಮಟ್ಟಿಗೆ 90 ದಿನ. ಮೂರನೆಯ ದಿನ ಮನೆಗೆ ಹೋದ ರೋಗಿಯ ಬಗ್ಗೆ ‘ಸೋಂಕು ಇಲ್ಲ’ ಎಂದು ಆಗಲೇ ಬರೆಯುವುದು ಪೈರು ನೆಟ್ಟ ಮರುದಿನ ಇಳುವರಿ ಹೇಳಿದಂತೆ.

ನಮ್ಮ ಕಡೆ ಇದು ಇನ್ನಷ್ಟು ಕಷ್ಟ. ರಾಯಚೂರಿನ ಹಳ್ಳಿಯಿಂದ ಬೆಂಗಳೂರಿಗೆ ಬಂದು ಶಸ್ತ್ರಕ್ರಿಯೆ ಮಾಡಿಸಿಕೊಂಡವರು ಹೊಲಿಗೆ ಬಿಚ್ಚಿಸಲು ಮತ್ತೆ ಬರುವುದಿಲ್ಲ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಪರಿಚಯದ ವೈದ್ಯರ ಬಳಿಯೋ ಬಿಚ್ಚಿಸಿಕೊಳ್ಳುತ್ತಾರೆ. ಕೀವು ಬಂದರೂ ಅಲ್ಲಿಯೇ ಹೋಗುತ್ತಾರೆ. ಅದು ನಿಮ್ಮ ದಾಖಲೆಗೆ ಬರಬೇಕಾದರೆ ನೀವೇ ಕೇಳಬೇಕು. ಬಿಡುಗಡೆಯ ದಿನವೇ 30ನೇ ದಿನಾಂಕವನ್ನು ಲೆಕ್ಕ ಹಾಕಿ ಡೈರಿಯಲ್ಲಿ ಗುರುತು ಮಾಡಿಕೊಳ್ಳಿ. ಆ ದಿನ ಯೂನಿಟ್ಟಿನ ಫೋನಿನಿಂದ ಕರೆ ಮಾಡಿ, ಅವರ ಮಾತಿನಲ್ಲಿಯೇ ಕೇಳಿ: ಗಾಯ ಒಣಗಿತಾ, ನೀರು ಸೋರಿತಾ, ಜ್ವರ ಬಂತಾ, ಬೇರೆ ಕಡೆ ತೋರಿಸಿದಿರಾ, ಹೊಲದ ಕೆಲಸಕ್ಕೆ ಹೋಗುತ್ತಿದ್ದೀರಾ. ಕರೆಗೆ ಸಿಗದಿದ್ದರೆ ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ಬರೆಯಿರಿ. ಅದೂ ಒಂದು ಮಾಹಿತಿ. ‘ತೊಂದರೆ ಇಲ್ಲ’ ಎಂದು ಮಾತ್ರ ಬರೆಯಬೇಡಿ.

ತೊಡಕುಗಳನ್ನು ದರ್ಜೆಯೊಂದಿಗೆ ಬರೆಯುವುದಕ್ಕೆ 2004ರ ಕ್ಲಾವಿಯೆನ್–ಡಿಂಡೋ ವಿಂಗಡಣೆ ಸರಳವಾಗಿದೆ. ಅದು ತೊಡಕಿನ ಹೆಸರಿನ ಬದಲು ಅದಕ್ಕೆ ಬೇಕಾದ ಚಿಕಿತ್ಸೆಯನ್ನು ನೋಡುತ್ತದೆ. ಗಾಯದ ಕೀವನ್ನು ಹಾಸಿಗೆಯ ಬಳಿಯೇ ಬಿಡಿಸಿ ಡ್ರೆಸ್ಸಿಂಗ್ ಮಾಡಿದರೆ ಒಂದನೆಯ ದರ್ಜೆ. ಅದಕ್ಕೆ ಆ್ಯಂಟಿಬಯಾಟಿಕ್ ಕೊಡಬೇಕಾಗಿ ಬಂದರೆ ಎರಡು. ಪೂರ್ಣ ಅರಿವಳಿಕೆಯಿಲ್ಲದೆ ಮತ್ತೊಂದು ಕ್ರಿಯೆ ನಡೆಸಿದರೆ ಮೂರು-ಎ, ಪೂರ್ಣ ಅರಿವಳಿಕೆಯಲ್ಲಿ ಮರಳಿ ಓಟಿಗೆ ಒಯ್ದರೆ ಮೂರು-ಬಿ. ಜೀವಕ್ಕೆ ಅಪಾಯವಾಗಿ ತೀವ್ರ ನಿಗಾ ಘಟಕ ಸೇರಿದರೆ ನಾಲ್ಕು. ಸಾವು ಐದು.

ಸಾವನ್ನು ಬರೆಯುವಾಗ ವಿದ್ಯಾರ್ಥಿಗಳ ಕೈ ನಡುಗುತ್ತದೆ. ನನ್ನದೂ ನಡುಗಿತ್ತು. ಕಲಿಯುತ್ತಿದ್ದ ದಿನಗಳಲ್ಲಿ ರಂಧ್ರಬಿದ್ದ ಡುಯೋಡಿನಮ್ ಹುಣ್ಣಿಗೆ ಓಮೆಂಟಮ್ ತೇಪೆ ಹಾಕಿದ ವೃದ್ಧರೊಬ್ಬರು ಐದನೆಯ ದಿನ ತೀರಿಕೊಂಡರು. ನಾನು ಆ ಪ್ರಕರಣವನ್ನು ಲಾಗ್‌ಬುಕ್ಕಿನಲ್ಲಿ ಸೇರಿಸಿರಲಿಲ್ಲ. ನನ್ನ ಗುರುಗಳು ಸಹಿ ಮಾಡುವ ಮೊದಲು ಓಟಿ ರಿಜಿಸ್ಟರ್ ತರಿಸಿ ಬೆರಳಿಟ್ಟು ಹೋಲಿಸಿದರು, ಆ ಸಾಲಿನ ಮೇಲೆ ಬೆರಳು ನಿಂತಿತು. ಗದರಿಸಲಿಲ್ಲ. ‘ಇವರನ್ನು ಬಿಟ್ಟುಬಿಟ್ಟರೆ ಇವರಿಂದ ಕಲಿತದ್ದನ್ನೂ ಬಿಟ್ಟಂತೆ’ ಎಂದರು. ರೋಗಿ ಎಷ್ಟು ಗಂಟೆ ತಡವಾಗಿ ಬಂದರು, ನಾವು ಇನ್ನೆಷ್ಟು ತಡ ಮಾಡಿದೆವು, ಮೂತ್ರದ ಪ್ರಮಾಣ ಇಳಿದದ್ದನ್ನು ಯಾವಾಗ ಗಮನಿಸಿದೆವು ಎಂಬುದನ್ನೆಲ್ಲ ಅಂದು ರಾತ್ರಿ ಕುಳಿತು ಬರೆದೆ. ಇಂದಿಗೂ ತೂತಾದ ಹುಣ್ಣಿನ ರೋಗಿ ಬಂದರೆ ನಾನು ಮೊದಲು ನೋಡುವುದು ಮೂತ್ರದ ಚೀಲವನ್ನು.

ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ ನೂರು ವರ್ಷಗಳ ಹಿಂದೆಯೇ ಈ ಹಾದಿ ತುಳಿದಿದ್ದರು. ಪ್ರತಿ ರೋಗಿಗೂ ಒಂದು ಕಾರ್ಡು; ಒಂದು ವರ್ಷದ ಅನಂತರ ರೋಗಿ ಹೇಗಿದ್ದಾರೆ ಎಂಬುದು ಅದರ ಮೇಲೆ ಬರಲೇಬೇಕು. 1911ರಿಂದ 1916ರವರೆಗೆ ತಮ್ಮ ಸಣ್ಣ ಆಸ್ಪತ್ರೆಯಿಂದ ಬಿಡುಗಡೆಯಾದ 337 ರೋಗಿಗಳಲ್ಲಿ 123 ತಪ್ಪುಗಳನ್ನು ಲೆಕ್ಕ ಹಾಕಿ ಅವರೇ ಪ್ರಕಟಿಸಿದರು. ಸಹೋದ್ಯೋಗಿಗಳು ಅವರನ್ನು ದೂರವಿಟ್ಟರು. ಇಂದು ನಾವು ತುಂಬುವ ‘ಫಲಿತಾಂಶ’ದ ಅಂಕಣ ಅವರಂಥವರು ಬೆಲೆ ತೆತ್ತು ಉಳಿಸಿಕೊಟ್ಟದ್ದು.

ಹಿಸ್ಟೋಪೆಥಾಲಜಿ (ತೆಗೆದ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕೊಡುವ) ವರದಿಯೂ ಹೀಗೆಯೇ ತಡವಾಗಿ ಬರುವಂಥದ್ದು. ವರದಿ ಬಂದ ದಿನ ನಮೂದನ್ನು ತೆರೆದು ಸೇರಿಸಿ. ಸಾಮಾನ್ಯ ಎಂದು ತೆಗೆದ ಪಿತ್ತಕೋಶದಲ್ಲಿ ಕ್ಯಾನ್ಸರ್ ಕಂಡುಬಂದರೆ ಅದನ್ನು ಮೊದಲು ತಿಳಿಯಬೇಕಾದವರು ರೋಗಿ. ಲಾಗ್‌ಬುಕ್ಕಿಗಾಗಿ ವರದಿ ಹುಡುಕಿದ ಪಿಜಿಯೇ ಅದನ್ನು ಮೊದಲು ಕಂಡ ಸಂದರ್ಭಗಳಿವೆ.

ಗುಟ್ಟು ಕಾಪಾಡುವುದು

ದೃಢೀಕರಣಕ್ಕೆ ಐಪಿ ಸಂಖ್ಯೆ ಸಾಕಾಗುತ್ತದೆ. ಫೋನ್ ಸಂಖ್ಯೆ, ಆಧಾರ್, ಆಭಾ (ಡಿಜಿಟಲ್ ಆರೋಗ್ಯ ಖಾತೆ) ಸಂಖ್ಯೆಗಳಿಗೆ ಲಾಗ್‌ಬುಕ್ಕಿನಲ್ಲಿ ಜಾಗವಿಲ್ಲ. ನಮೂನೆ ಹೆಸರು ಕೇಳಿದರೆ ಮೊದಲಕ್ಷರ ಸಾಕೇ ಎಂದು ಗೈಡನ್ನು ಕೇಳಿ. ಸ್ವಂತ ಲ್ಯಾಪ್‌ಟಾಪಿನ ಪ್ರತಿಯಲ್ಲಿ ಹೆಸರು ಇರಲೇಬಾರದು, ಕಡತಕ್ಕೆ ಪಾಸ್‌ವರ್ಡ್ ಇರಲೇಬೇಕು. ಛಾಯಾಚಿತ್ರ ತೆಗೆಯಲು ಶಸ್ತ್ರಕ್ರಿಯೆಯ ಒಪ್ಪಿಗೆ ಪತ್ರ ಸಾಲದು, ಪ್ರತ್ಯೇಕ ಒಪ್ಪಿಗೆ ಪಡೆಯಿರಿ. ಮುಖ, ಹಚ್ಚೆ, ಕೈಯ ಪಟ್ಟಿಯ ಮೇಲಿನ ಹೆಸರು ಬರದಂತೆ ನೋಡಿಕೊಳ್ಳಿ. ಆ ಚಿತ್ರ ವಾಟ್ಸ್ಆ್ಯಪ್ ಗುಂಪಿಗೆ ಹೋಗಕೂಡದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇರಲಿ, ಇಲ್ಲದಿರಲಿ, ಮಂಪರಿನಲ್ಲಿ ಮಲಗಿದ್ದವರ ದೇಹದ ಚಿತ್ರ ಅದು.

ಸಹಿ, ಹೋಲಿಕೆ, ಜಿಲ್ಲಾಸ್ಪತ್ರೆಯ ತಿಂಗಳುಗಳು

ತಿಂಗಳ ಕೊನೆಯ ಶನಿವಾರ ಓಟಿ ರಿಜಿಸ್ಟರಿನೊಂದಿಗೆ ಕುಳಿತು ನಿಮ್ಮ ನಮೂದುಗಳನ್ನು ಹೋಲಿಸಿ. ರಿಜಿಸ್ಟರಿನಲ್ಲಿ ನಿಮ್ಮ ಹೆಸರಿದ್ದು ಲಾಗ್‌ಬುಕ್ಕಿನಲ್ಲಿ ಇಲ್ಲದ್ದು, ಇಲ್ಲಿದ್ದು ಅಲ್ಲಿಲ್ಲದ್ದು, ಎರಡನ್ನೂ ಪಟ್ಟಿ ಮಾಡಿ. ತಪ್ಪು ನಮೂದನ್ನು ಅಳಿಸಬೇಡಿ: ಕಾಗದದಲ್ಲಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ದಿನಾಂಕದೊಂದಿಗೆ ಕಿರುಸಹಿ ಹಾಕಿ. ಅನಂತರವೇ ಗೈಡ್ ಬಳಿ ಹೋಗಿ. ಖಾಲಿ ಪುಟಕ್ಕೆ ಮುಂಗಡ ಸಹಿ ಕೇಳುವುದು ನಿಮ್ಮ ಗುರುಗಳಿಗೆ ನೀವೇ ಮಾಡುವ ಅಪಚಾರ.

ಜಿಲ್ಲಾ ವಸತಿ ತರಬೇತಿಯ ಮೂರು ತಿಂಗಳನ್ನು ಮಾತೃಸಂಸ್ಥೆಯ ಹೊರಗೆ ಕಳೆಯುತ್ತೀರಿ. ಅಲ್ಲಿ ಕೈಗೆ ಬರುವ ಶಸ್ತ್ರಕ್ರಿಯೆಗಳ ದಾಖಲೆ ಕಳೆದುಹೋಗುವುದೇ ಹೆಚ್ಚು, ಏಕೆಂದರೆ ಸಹಿ ಮಾಡಬೇಕಾದವರು ಅಲ್ಲಿಯೇ ಉಳಿಯುತ್ತಾರೆ. ಹೊರಡುವ ಹಿಂದಿನ ದಿನ ಅಲ್ಲಿನ ಮೇಲ್ವಿಚಾರಕರಿಂದ ಪ್ರತಿ ಪುಟಕ್ಕೂ ಸಹಿ ಮತ್ತು ಮೊಹರು ಹಾಕಿಸಿಕೊಂಡು ಬನ್ನಿ. ಒಮ್ಮೆ ಬಸ್ ಹತ್ತಿದ ಮೇಲೆ ಅದು ಆಗುವುದಿಲ್ಲ.

ಹೊರದೇಶಕ್ಕೆ ಹೋಗುವವರು

ಅಮೆರಿಕದಲ್ಲಿ ಜನರಲ್ ಸರ್ಜರಿಯ ಮಂಡಳಿಯ ಪರೀಕ್ಷೆಗೆ ಅರ್ಹರಾಗಲು ತರಬೇತಿಯ ಅವಧಿಯಲ್ಲಿ ಕನಿಷ್ಠ 850 ಶಸ್ತ್ರಕ್ರಿಯೆಗಳು, ಅದರಲ್ಲಿ ಅಂತಿಮ ವರ್ಷದಲ್ಲಿ 200 ಇರಬೇಕು. ಅವು ಅಲ್ಲಿನ ತರಬೇತಿಯಲ್ಲಿ ಮಾಡಿದವೇ ಆಗಿರಬೇಕು. ಇಲ್ಲಿನ ಲಾಗ್‌ಬುಕ್ ಆ ಲೆಕ್ಕಕ್ಕೆ ಸೇರುತ್ತದೆ ಎಂದು ನಂಬಿ ಕೂರಬೇಡಿ. ಅಲ್ಲಿ ‘ಶಸ್ತ್ರವೈದ್ಯ’ ಎಂದು ನಮೂದಿಸಿಕೊಳ್ಳಲು ಕೊಯ್ದರೆ ಮಾತ್ರ ಸಾಲದು. ರೋಗನಿರ್ಣಯದಲ್ಲಿ, ಶಸ್ತ್ರಕ್ರಿಯೆಯ ಆಯ್ಕೆಯಲ್ಲಿ, ಮುಖ್ಯ ಹಂತಗಳಲ್ಲಿ, ಅನಂತರದ ಆರೈಕೆಯಲ್ಲಿ ಪಾಲ್ಗೊಂಡಿರಬೇಕು. ಫೆಲೋಶಿಪ್ ಅಥವಾ ಕೆಲಸಕ್ಕೆ ಅರ್ಜಿ ಹಾಕುವಾಗ ಮಾತ್ರ ಇಲ್ಲಿನ ಲಾಗ್‌ಬುಕ್ ಬಹಳ ಕೆಲಸಕ್ಕೆ ಬರುತ್ತದೆ: ಪಾಲಿನ ದರ್ಜೆವಾರು ಒಟ್ಟು ಸಂಖ್ಯೆ, ವರ್ಷವಾರು ಏರಿಕೆ, ಮುಖ್ಯಸ್ಥರ ಸಹಿಯಿರುವ ಒಂದು ಪುಟದ ಸಾರಾಂಶ ಸಿದ್ಧಪಡಿಸಿಟ್ಟುಕೊಳ್ಳಿ.

ಪರೀಕ್ಷೆಗೆ ಎರಡು ತಿಂಗಳು ಮೊದಲು

ನಿಮ್ಮ ಲಾಗ್‌ಬುಕ್ಕಿನಿಂದ ಹತ್ತು ಪ್ರಕರಣಗಳನ್ನು ಆರಿಸಿ. ಐದು ಸಲೀಸಾಗಿ ನಡೆದವು, ಐದು ಕೈಕೊಟ್ಟವು. ಒಂದೊಂದನ್ನೂ ಗೆಳೆಯರೆದುರು ಐದು ನಿಮಿಷ ಹೇಳಿ: ಏಕೆ ಈ ಶಸ್ತ್ರಕ್ರಿಯೆ, ಬೇರೆ ಯಾವ ದಾರಿ ಇತ್ತು, ಎಲ್ಲಿ ತೊಡಕಾಯಿತು, ಇಂದು ಅದೇ ರೋಗಿ ಬಂದರೆ ಏನನ್ನು ಬೇರೆಯಾಗಿ ಮಾಡುವಿರಿ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಪರೀಕ್ಷಕರು ಪುಟ ತಿರುವಿ ಯಾವುದಾದರೂ ಸಾಲಿನ ಮೇಲೆ ಬೆರಳಿಟ್ಟು ಕೇಳುವುದು ಇದನ್ನೇ.

ಕೊನೆಯದಾಗಿ, ಕಾಲೇಜು ಬಿಡುವ ಮೊದಲು ದೃಢೀಕೃತ ಲಾಗ್‌ಬುಕ್ಕಿನ ಪ್ರತಿಯೊಂದನ್ನು ನಿಮ್ಮ ಬಳಿ ಉಳಿಸಿಕೊಳ್ಳಿ. ವೃತ್ತಿನಡತೆಯ 2002ರ ನಿಯಮಗಳ ಪ್ರಕಾರ ವೈದ್ಯರು ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಕಾಪಾಡಬೇಕು. ಹತ್ತು ವರ್ಷದ ಮೇಲೆ ನೀವು ಹುಡುಕಿಕೊಂಡು ಬಂದಾಗ ಕೇಸ್ ಶೀಟು ದಾಖಲೆ ವಿಭಾಗದ ಕಪಾಟಿನಲ್ಲಿ ಇಲ್ಲದೆ ಹೋಗಬಹುದು. ಆಗ ನಿಮ್ಮ ಮೊದಲ ಹರ್ನಿಯಾದ ಬಗ್ಗೆ ಉಳಿದಿರುವುದು ನೀವು ಅಂದು ಬರೆದ ಆ ನಾಲ್ಕು ಸಾಲು.